ಚೀನೀ ಭಾಷಿಕರು ಮತ್ತು ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳು

‘ಪುಟ್ ಡೌನ್’, ‘ಗಿವ್ ಅಪ್’ ಮಾದರಿಯ ಫ್ರೇಸಲ್ ವರ್ಬ್‌ಗಳನ್ನು ಬಳಸಲು ಚೀನೀ ಭಾಷಿಕರು ಹಿಂಜರಿಯುತ್ತಾರೆ. ಅವರ ಭಾಷೆಯಲ್ಲಿ ಅಂಥ ರಚನೆಯೇ ಇಲ್ಲವೆಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ, ಅದು ಅರ್ಧಸತ್ಯ. ಮ್ಯಾಂಡರಿನ್‌ನಲ್ಲಿ ಕ್ರಿಯಾಪದದ ಬೆನ್ನಿಗೆ ದಿಕ್ಸೂಚಕ ಪೂರಕಗಳು ಬರುತ್ತವೆ. ‘ಫಾಂಗ್‌ಶ್ಯಾ’ ಎಂದರೆ ಕೆಳಗಿಡು. ‘ಜಾನ್ ಚಿಲಾಯ್’ ಎಂದರೆ ಎದ್ದು ನಿಲ್ಲು. ಅದೇ ‘ಚಿಲಾಯ್’, ಯೋಚಿಸು ಎಂಬರ್ಥದ ‘ಶ್ಯಾಂಗ್’ನೊಡನೆ ಸೇರಿದಾಗ ನೆನಪಿಗೆ ತಂದುಕೊಳ್ಳುವ ಅರ್ಥ ಬರುತ್ತದೆ, ಮೇಲೇಳುವ ದಿಕ್ಕು ಅಲ್ಲಿ ಕೇವಲ ರೂಪಕ. ತೊಡಕಿರುವುದು ಎರಡು ಭಾಷೆಗಳ ರೂಪಕಗಳು ಒಂದೇ ದಾರಿ ಹಿಡಿಯದಿರುವಲ್ಲಿ. ‘ಗಿವ್ ಅಪ್’ನಲ್ಲಿ ‘ಮೇಲೆ’ ಇದೆ. ಚೀನೀಯ ‘ಫಾಂಗ್‌ಚಿ’ಯಲ್ಲಿ ದಿಕ್ಕಿಲ್ಲ. (ಕನ್ನಡದ ‘ಬಿಟ್ಟುಬಿಡು’ವಿನಲ್ಲೂ ಇಲ್ಲ.)

ಲಿಯಾವ್ ಮತ್ತು ಫುಕುಯಾ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧ್ಯಮ ಹಂತದ ಚೀನೀ ಕಲಿಕಾರ್ಥಿಗಳು ಒಂಟಿಪದದ ಕ್ರಿಯಾಪದಗಳತ್ತ ಒಲಿದಿದ್ದರು. ಮುಂದುವರಿದವರಲ್ಲಿ ಆ ಹಿಂಜರಿಕೆ ಕಾಣಲಿಲ್ಲ. ರೂಪಕಾರ್ಥದ ಪ್ರಯೋಗಗಳೇ ಹೆಚ್ಚು ಕೈಬಿಟ್ಟುಹೋಗಿದ್ದವು. ಹಾಗಾಗಿ ಇದನ್ನು ಮಾತೃಭಾಷೆಯ ಕೊರತೆಯೆನ್ನುವುದಕ್ಕಿಂತ ಕಲಿಕೆಯ ಒಂದು ಘಟ್ಟವೆಂದು ಓದುವುದು ನ್ಯಾಯ.

ಪದಕ್ರಮದ ತೊಡಕು ಬೇರೆ. ‘ಟರ್ನ್ ಆಫ್’ಗೆ ಸಂವಾದಿಯಾದ ‘ಗುವಾನ್‌ದ್ಯಾವ್’ನ ನಂತರ ಸರ್ವನಾಮ ನಿರಾಯಾಸವಾಗಿ ಬರುತ್ತದೆ, ಇಂಗ್ಲಿಷಿನಲ್ಲಿ ‘ಇಟ್’ ನಡುವೆಯೇ ಕೂರಬೇಕು. ‘ಟರ್ನ್ ಆಫ್ ಇಟ್’ ಎಂಬ ತಪ್ಪಿನ ಹಿಂದೆ ಈ ರೂಢಿಯೂ ಇದ್ದೀತು.