ನೆರೆನೀರಿಗೆ ಇಳಿಯುವವನ ಪಾದರಕ್ಷೆ

ಜೋಗಿಮಟ್ಟಿಯ ಅಡಿಯಲ್ಲಿ, ಮಳೆಗಾಗಿ ಬಾಯ್ಬಿಡುವ ಈ ದುರ್ಗದಲ್ಲಿ ಕುಳಿತು ನೆರೆಯ ಮಾತನ್ನೆತ್ತಿದರೆ ಗೆಳೆಯರಿಗೆ ನಗು ಬಂದೀತು. ನಗುವ ಮೊದಲು 2022ರ ಸೆಪ್ಟೆಂಬರನ್ನು ನೆನೆಯಬೇಕು. 1907ರಲ್ಲಿ ಕಟ್ಟಿ ಮುಗಿದ ನಮ್ಮ ಮಾರಿಕಣಿವೆಯು 1933ರ ತರುವಾಯ ಮೊದಲ ಬಾರಿಗೆ ಕೋಡಿ ಬಿದ್ದುದು ಆಗಲೇ. ಜನರಿಗೆ ಅದು ಹಬ್ಬ. ಕೆಳಗೆ ವೇದಾವತಿಯ ದಡದಲ್ಲಿದ್ದ ನಮ್ಮ ಕೇರಿಗೆ ಮಾತ್ರ ನೀರು ನುಗ್ಗಿತ್ತು.

ಕೇರಿಯ ಅಜ್ಜಿಯೊಬ್ಬರನ್ನು ಕರೆತರಲು ಸೋದರಮಾವನೂ ನಾನೂ ಹೊರಟೆವು. ಮಾವನ ಕಾಲಿನಲ್ಲಿ ಮೊಣಕಾಲುದ್ದದ ಗಂಬೂಟು, ನನ್ನ ಕಾಲಿನಲ್ಲಿ ಹವಾಯಿ ಚಪ್ಪಲಿ. ಹತ್ತು ಮಾರು ಹೋಗುವುದರೊಳಗೆ ಚಪ್ಪಲಿ ತೇಲಿಹೋಯಿತು. ಕೆಸರಿನಡಿಯ ಜಾಲಿಮುಳ್ಳು ಅಂಗಾಲನ್ನು ಹೊಕ್ಕಿತು. ಮಾವನ ಬೂಟಿನೊಳಕ್ಕೆ ಮೇಲಿಂದ ನೀರು ತುಂಬಿ, ಕಾಲು ಹೂತು, ಅವರು ಅಲುಗಾಡದಂತಾದರು. ಅಜ್ಜಿಗೆಂದು ಒಯ್ದ ಹಗ್ಗದಿಂದ ಮಾವನನ್ನೇ ಎಳೆಯಬೇಕಾಯಿತು. ಬೂಟು ಅಲ್ಲಿಯೇ ಉಳಿಯಿತು. "ಮೊದಲು ನೀವು ದಡ ಸೇರ್ರಪ್ಪ" ಎಂದು ಜಗಲಿಯ ಮೇಲೆ ನಡುಗುತ್ತ ನಿಂತಿದ್ದ ಅಜ್ಜಿಯೇ ನಮಗೆ ಹೇಳುವಂತಾಯಿತು.

ನೀರನ್ನು ಒಳಬಿಡದ ಬೂಟೇ ಶ್ರೇಷ್ಠವೆಂದು ನಾವು ತಿಳಿದಿದ್ದೇವೆ. ನೆರೆ ಇಳಿದ ಮೇಲೆ ಕೆಸರು ಬಳಿಯುವುದಕ್ಕೆ ಅದು ಸರಿಯೇ, ಹರಿಯುವ ನೀರಿಗಲ್ಲ. ಬೂಟಿಗೆ ತುಂಬಿದ ನೀರು ಆಳನ್ನು ತಳಕ್ಕೆಳೆಯುತ್ತದೆಂಬ ಮಾತು ಪೂರಾ ನಿಜವಲ್ಲ. ನೀರಿನೊಳಗೆ ನೀರಿಗೆ ತೂಕವಿಲ್ಲವೆಂದು ಆರ್ಕಿಮಿಡೀಸನ ಪಾಠದಲ್ಲಿ ಓದಿದ್ದೇವಷ್ಟೆ. ಆದರೆ ಕಾಲನ್ನು ನೀರಿನಿಂದ ಮೇಲೆತ್ತಿದೊಡನೆ ಬೂಟಿನೊಳಗಿನ ಎರಡು ಲೀಟರು ಎರಡು ಕಿಲೋ ಆಗಿ ಜೋತುಬೀಳುತ್ತದೆ.

ಆದುದರಿಂದ ಸ್ವಯಂಸೇವಕನಿಗೆ ಬೇಕಾದುದು, ಒಳಬಂದ ನೀರನ್ನು ಹೊರಬಿಡುವ, ಕಾಲಿನಿಂದ ಕಳಚದ ಬೂಟು. ಅದು ಹರಡನ್ನು ಮುಚ್ಚಬೇಕು, ಲಾಡಿಯಿಂದ ಬಿಗಿಯುವಂತಿರಬೇಕು, ಲಾಡಿಯ ತುದಿ ಎಲ್ಲಿಯೂ ಸಿಕ್ಕಿಕೊಳ್ಳದಂತೆ ಒಳಗೆ ಸೇರಬೇಕು. ಅಟ್ಟೆ ದಪ್ಪವಾಗಿದ್ದು ಆಳವಾದ ಗೀರುಗಳಿರಬೇಕು. ನಮ್ಮ ಸೀಮೆಯ ಜಾಲಿಮುಳ್ಳಿಗೆ ತೆಳು ಅಟ್ಟೆ ಲೆಕ್ಕಕ್ಕಿಲ್ಲ. ಕಟ್ಟಡದ ಕೆಲಸಗಾರರಿಗೆಂದು ಅಟ್ಟೆಯೊಳಗೆ ಉಕ್ಕಿನ ತಗಡಿಟ್ಟ ಬೂಟುಗಳು ಬರುತ್ತವೆ, ಆ ತಗಡು ಇಲ್ಲಿಯೂ ಒಳ್ಳೆಯದು. ಅಷ್ಟು ಹಣವಿಲ್ಲದಿದ್ದರೆ ದಪ್ಪ ಅಟ್ಟೆಯ ಕ್ಯಾನ್‌ವಾಸ್ ಬೂಟಾದರೂ ಇರಲಿ. ಚಪ್ಪಲಿ ಬೇಡವೇ ಬೇಡ. ಕಾಲುಚೀಲ ಹಾಕಿಕೊಂಡೇ ಅಳತೆ ನೋಡಬೇಕು. ಹತ್ತಿಯದು ನೆನೆದರೆ ಬೊಬ್ಬೆಯೇಳಿಸುವುದರಿಂದ ಉಣ್ಣೆಯದು ಲೇಸು.

ಬೂಟು ಮಾಡಲಾರದ ಕೆಲಸಗಳೂ ಇವೆ. ತಂತಿ ಬಿದ್ದ ನೀರಿನಲ್ಲಿ ರಬ್ಬರಿನ ಅಟ್ಟೆ ಕಾಯುವುದಿಲ್ಲ. ವಿದ್ಯುತ್ತನ್ನು ನಿಲ್ಲಿಸಿದ್ದಾರೆಂದು ತಿಳಿದ ಮೇಲೆಯೇ ಇಳಿಯಬೇಕು. ಸೆಳವಿನಲ್ಲಿ ಬಿದ್ದವನು ಎದ್ದು ನಿಲ್ಲಲು ಹೋದರೆ ಪಾದ ಕಲ್ಲಿನ ಸಂದಿಗೆ ಸಿಕ್ಕಿ, ನೀರು ಅವನನ್ನು ಮಗುಚುತ್ತದೆ. ಅಂಗಾತನಾಗಿ, ಕಾಲು ಮುಂದೆ ಮಾಡಿ ತೇಲಬೇಕು. ಇಲಿಜ್ವರದ ರೋಗಾಣು ಗಾಯದ ಮೂಲಕ ಒಳಸೇರುತ್ತದೆ. ಆದ್ದರಿಂದ ದಡ ಸೇರಿದೊಡನೆ ಕಾಲನ್ನು ಸೋಪಿನಿಂದ ತೊಳೆದು ಒರೆಸಿ, ಗಾಯವಿದ್ದರೆ ವೈದ್ಯರಿಗೆ ತೋರಿಸಬೇಕು. ನಾನು ಮೂರು ದಿನ ತಡಮಾಡಿ, ಕಾಲು ಬಾತು, ಬೈಸಿಕೊಂಡೆ.

ಈಗ ಒಂದು ಜೋಡಿ ಕೊಂಡಿದ್ದೇನೆ. ಬಚ್ಚಲಲ್ಲಿ ಅದನ್ನು ತೊಟ್ಟು, ಒಂದು ಬಿಂದಿಗೆ ನೀರು ಹೊಯ್ದುಕೊಂಡು ಹತ್ತು ಹೆಜ್ಜೆ ನಡೆದೆ; ನೀರೆಲ್ಲ ಸೋರಿಹೋಯಿತು. ಮಾವ ನೋಡಿ ನಕ್ಕರು. ಮಾರನೆಯ ವಾರ ತಮ್ಮ ಕಾಲಿನ ಅಳತೆಯನ್ನು ಚೀಟಿಯಲ್ಲಿ ಬರೆದು ಕಳುಹಿಸಿದರು.