ವಿದ್ಯುತ್ ಮೋಟಾರು ಗಾಡಿಯೂ ರಿಪೇರಿಯ ವಿಳಂಬವೂ

ವಿದ್ಯುತ್ತಿನಿಂದ ಓಡುವ ಮೋಟಾರು ಗಾಡಿಯನ್ನು ಕೊಳ್ಳಹೊರಟ ಗೃಹಸ್ಥನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು: ಬೆಲೆ ಎಷ್ಟು, ಒಮ್ಮೆ ಚಾರ್ಜು ಮಾಡಿದರೆ ಎಷ್ಟು ದೂರ ಓಡುವುದು, ಬ್ಯಾಟರಿ ಎಷ್ಟು ವರ್ಷ ಬಾಳುವುದು. ಗಾಡಿ ಕೆಟ್ಟರೆ ಎಷ್ಟು ದಿನಕ್ಕೆ ಸರಿಯಾಗಿ ಮನೆಗೆ ಬರುವುದೆಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ವಿರಳ. ನಾವೂ ಕೇಳಿರಲಿಲ್ಲ. ಅದರ ಫಲವನ್ನು ಕಳೆದ ಮಳೆಗಾಲದಲ್ಲಿ 38 ದಿನಗಳ ಕಾಲ ಅನುಭವಿಸಿದೆವು. ಆ ಅನುಭವವು ವಾಚಕರಲ್ಲಿ ಕೆಲವರಿಗಾದರೂ ಪ್ರಯೋಜನಕ್ಕೆ ಬಂದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ವಾಸ ಮೈಸೂರಿನಲ್ಲಿ. ತಂದೆಯವರಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು. ಗಾಡಿಯನ್ನು ಕೊಂಡದ್ದೇ ಆ ಕಾರಣಕ್ಕೆ. ಅದುರಾಟವಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಹಿಂದಿರುಗುವಾಗ ಅವರು ಕುಳಿತಲ್ಲಿಯೇ ನಿದ್ದೆಹೋಗುತ್ತಿದ್ದರು. ಎರಡು ವರ್ಷ ಅದು ಒಂದು ದಿನವೂ ತೊಂದರೆ ಕೊಡಲಿಲ್ಲ. ಜುಲೈ ತಿಂಗಳ ಒಂದು ಬೆಳಿಗ್ಗೆ, ರಾತ್ರಿಯೆಲ್ಲ ಮಳೆ ಹೊಯ್ದ ಮೇಲೆ, ಗುಂಡಿಯನ್ನು ಒತ್ತಿದರೆ ಗಾಡಿ ಹೊರಡಲೊಲ್ಲದು. ಎದುರಿನ ಫಲಕದಲ್ಲಿ ಕೆಂಪು ಎಚ್ಚರಿಕೆ ಮಾತ್ರ ಕಾಣಿಸಿತು. ಏಜೆಂಟರು ಲಾರಿಯನ್ನು ಕಳುಹಿಸಿ ಗಾಡಿಯನ್ನು ಸಾಗಿಸಿಕೊಂಡು ಹೋದರು. “ನಾಡಿದ್ದು ಬಂದುಬಿಡುತ್ತೆ ಸಾರ್” ಎಂದು ಹೇಳಿಯೂ ಹೋದರು.

ಆ ನಾಡಿದ್ದು ಬರಲಿಲ್ಲ. ಅವರ ವರ್ಕ್‌ಷಾಪಿನಲ್ಲಿ ವಿದ್ಯುತ್ ಗಾಡಿಯನ್ನು ಮುಟ್ಟುವ ಅಧಿಕಾರ ಪಡೆದಿದ್ದ ಮೆಕ್ಯಾನಿಕ್ಕು ಒಬ್ಬನೇ. ಅವನು ಬೆಂಗಳೂರಿಗೆ ತರಬೇತಿಗೆ ಹೋಗಿದ್ದನು. ಅವನು ಬರುವುದಕ್ಕೆ 5 ದಿನ. ಬಂದವನು ಕಂಪ್ಯೂಟರನ್ನು ಜೋಡಿಸಿ ನೋಡಿ, ಎಲ್ಲಿಯೋ ವಿದ್ಯುತ್ತು ಸೋರುತ್ತಿದೆ, ಬ್ಯಾಟರಿಯ ಮೇಲೆಯೇ ಸಂಶಯ ಎಂದನು. ಬ್ಯಾಟರಿಯೆಂದ ಮೇಲೆ ಅದನ್ನು ಬಿಚ್ಚುವುದಕ್ಕೆ ಕಂಪನಿಯ ಅಪ್ಪಣೆಯಾಗಬೇಕು. ಚಿತ್ರಗಳನ್ನೂ ಅಂಕಿಗಳನ್ನೂ ಕಳುಹಿಸಿ ಉತ್ತರಕ್ಕೆ ಕಾದದ್ದು 12 ದಿನ. ಕೊನೆಗೆ ಬೆಂಗಳೂರಿನಿಂದ ಒಬ್ಬ ಎಂಜಿನಿಯರು ಬಂದು ಒಂದು ಮಧ್ಯಾಹ್ನದಲ್ಲಿಯೇ ಮೂಲವನ್ನು ಕಂಡುಹಿಡಿದನು: ದೋಷವಿದ್ದದ್ದು ಬ್ಯಾಟರಿಯಲ್ಲಲ್ಲ, ಗಾಡಿಯೊಳಗಿನ ಗಾಳಿಯನ್ನು ತಂಪುಮಾಡುವ ಯಂತ್ರದ ಕಂಪ್ರೆಸರಿನಲ್ಲಿ! ಹೊಸ ಕಂಪ್ರೆಸರು ಬರುವುದಕ್ಕೆ ಮತ್ತೆ 17 ದಿನ. ಎಲ್ಲವನ್ನೂ ಕೂಡಿ ನೋಡಿದರೆ, ಮನುಷ್ಯರ ಕೈ ಗಾಡಿಯ ಮೇಲೆ ನಿಜವಾಗಿ ಆಡಿದ ಕಾಲ ಒಂದೂವರೆ ದಿನವನ್ನು ಮೀರಲಾರದು. ಉಳಿದದ್ದೆಲ್ಲ ಬರಿಯ ಕಾಯುವಿಕೆ.

ತಂಪುಮಾಡುವ ಯಂತ್ರ ಕೆಟ್ಟರೆ ಗಾಡಿಯೇ ಏಕೆ ನಿಲ್ಲಬೇಕೆಂದು ನಾನೂ ಕೇಳಿದೆನು. ಪೆಟ್ರೋಲು ಗಾಡಿಯಲ್ಲಿ ಈ ಕಂಪ್ರೆಸರನ್ನು ಎಂಜಿನ್ನು ಪಟ್ಟಿಯ ಮೂಲಕ ತಿರುಗಿಸುತ್ತದೆ. ವಿದ್ಯುತ್ ಗಾಡಿಯಲ್ಲಿ ಅದು ದೊಡ್ಡ ಬ್ಯಾಟರಿಯ ಅಧಿಕ ವೋಲ್ಟೇಜಿನಿಂದಲೇ ನಡೆಯತಕ್ಕದ್ದು. ಅಧಿಕ ವೋಲ್ಟೇಜಿನ ತಂತಿಗೂ ಗಾಡಿಯ ಕಬ್ಬಿಣದ ಮೈಗೂ ನಡುವೆ ಎಲ್ಲಿಯಾದರೂ ಸೋರಿಕೆಯುಂಟಾದರೆ ಕುಳಿತವರಿಗೆ ಅಪಾಯ. ಆದುದರಿಂದ ಕಾವಲಿಗಿಟ್ಟ ಉಪಕರಣವು ಗಾಡಿಯನ್ನು ಹೊರಡಗೊಡುವುದಿಲ್ಲ. ಅಡಿಗೆಮನೆಯ ಒಂದು ಸ್ವಿಚ್ಚಿಗೆ ನೀರು ಸೇರಿದರೆ ಇಡೀ ಮನೆಯ ದೀಪಗಳು ಆರಿಹೋಗುವುದಿಲ್ಲವೆ, ಹಾಗೆ. ಇಷ್ಟರಮಟ್ಟಿಗೆ ಗಾಡಿಯು ಮಾಡಿದ್ದು ಸರಿಯೇ. ನಮ್ಮ ತಕರಾರು ಆಮೇಲಿನದು.

ಹಿಂದೆ ಅಂಬಾಸಡರ್ ಗಾಡಿ ಅರಸೀಕೆರೆಯ ಹಾದಿಯಲ್ಲಿ ಕೆಟ್ಟು ನಿಂತರೂ ಮರದ ನೆರಳಿನಲ್ಲಿ ಒಬ್ಬ ಮೇಸ್ತ್ರಿ ಸಿಕ್ಕುತ್ತಿದ್ದನು. ಆ ಎಂಜಿನ್ನಿನಲ್ಲಿ ಸವೆಯುವ ಭಾಗಗಳು ಬಹಳ; ಮೇಲಿಂದ ಮೇಲೆ ಕೆಡುತ್ತಿದ್ದುದರಿಂದಲೇ ಊರೂರಿನಲ್ಲಿ ಕೈ ಪಳಗಿದವರಿದ್ದರು. ವಿದ್ಯುತ್ ಮೋಟಾರಿನಲ್ಲಿ ತಿರುಗುವ ಭಾಗಗಳು ಕೆಲವೇ. ಎಂಜಿನ್ ಎಣ್ಣೆಯಿಲ್ಲ, ಕ್ಲಚ್ಚಿಲ್ಲ, ಸ್ಪಾರ್ಕ್ ಪ್ಲಗ್ಗಿಲ್ಲ. ಕೆಡುವುದು ಅಪರೂಪ, ಆದುದರಿಂದ ಸರಿಮಾಡುವವನೂ ಅಪರೂಪ. ಏಜೆಂಟನ ದೃಷ್ಟಿಯಿಂದ ನೋಡಿದರೆ, ತಿಂಗಳಿಗೆ ಒಂದೆರಡು ಗಾಡಿಗಳಿಗಾಗಿ ನಾಲ್ವರು ತರಬೇತಿ ಪಡೆದವರನ್ನು ಸಂಬಳ ಕೊಟ್ಟು ಕೂರಿಸಿಕೊಳ್ಳುವುದು ನಷ್ಟದ ಬಾಬ್ತು. ಗಾಡಿಯ ಗುಣವೇ ಹೀಗೆ ಅದರ ಒಡೆಯನಿಗೆ ಮುಳ್ಳಾಗಿ ಪರಿಣಮಿಸುತ್ತದೆ.

ತರಬೇತಿಯಿಲ್ಲದವನು ಮುಟ್ಟಬಾರದೆಂಬುದು ಸುಮ್ಮನೆ ಹೇಳುವ ಮಾತೂ ಅಲ್ಲ. ಹಳೆಯ ಗಾಡಿಗಳ ಬ್ಯಾಟರಿ 12 ವೋಲ್ಟಿನದು. ಈಗಿನ ವಿದ್ಯುತ್ ಕಾರುಗಳ ದೊಡ್ಡ ಬ್ಯಾಟರಿ ಸಾಮಾನ್ಯವಾಗಿ 300 ವೋಲ್ಟುಗಳಿಗೆ ಮೇಲ್ಪಟ್ಟದ್ದು. ಕಿತ್ತಳೆ ಬಣ್ಣದ ತಂತಿಗಳೆಲ್ಲ ಪ್ರಾಣಾಪಾಯದ ಗುರುತು. ಕೆಲಸಕ್ಕೆ ಮೊದಲು ಸಣ್ಣ ಬ್ಯಾಟರಿಯ ತಂತಿಯನ್ನು ತೆಗೆದು, ದೊಡ್ಡದರ ಸಂಬಂಧವನ್ನು ಕಡಿಯುವ ಪ್ಲಗ್ಗನ್ನು ಕಿತ್ತು, ಒಳಗೆ ಉಳಿದ ವಿದ್ಯುತ್ತು ಇಳಿಯುವವರೆಗೆ ಕೆಲವು ನಿಮಿಷ ಕಾದು, ಮೀಟರಿನಿಂದ ಪರೀಕ್ಷಿಸಿ, ರಬ್ಬರಿನ ಕೈಚೀಲ ಹಾಕಿಕೊಂಡೇ ಕೈಯಿಡಬೇಕು. ಇದರಲ್ಲಿ ಆತುರ ಕೂಡದು. ಕೂಡಬೇಕೆಂದು ನಾವೂ ಹೇಳುವುದಿಲ್ಲ.

ಮೊದಲು ಹೀಗಿರಲಿಲ್ಲವೆಂಬುದನ್ನು ಬೆಂಗಳೂರಿನವರಲ್ಲಿ ಕೆಲವರು ನೆನೆದಾರು. 2001ನೆಯ ಇಸವಿಯಲ್ಲಿ ಚೇತನ್ ಮೈನಿಯವರ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಅಲ್ಲಿಯೇ, ಬೊಮ್ಮಸಂದ್ರದ ಕಾರ್ಖಾನೆಯಿಂದ, ಹೊರಬಂದಿತು. ಅದರಲ್ಲಿದ್ದುದು ಸೀಸದ ಬ್ಯಾಟರಿಗಳು: 6 ವೋಲ್ಟಿನವು ಎಂಟು, ಒಟ್ಟು 48 ವೋಲ್ಟು. ಓಟ ಕಡಿಮೆ, ಆಗಾಗ ನೀರು ತುಂಬುವ ಕಾಟ ಬೇರೆ. ಆದರೆ ಎಂಟರಲ್ಲಿ ಒಂದು ಸೋತರೆ ಆ ಒಂದನ್ನು ಬದಲಾಯಿಸಬಹುದಾಗಿತ್ತು. ಕಾರ್ಖಾನೆಯೂ ಊರ ಮಗ್ಗುಲಲ್ಲಿತ್ತು. ಈಗಿನ ಲಿಥಿಯಂ ಬ್ಯಾಟರಿ ಗಾಡಿಯ ತಳದ ಉದ್ದಕ್ಕೂ ಮಲಗಿರುವ, ಮೊಹರು ಮಾಡಿದ ಒಂದೇ ಪೆಟ್ಟಿಗೆ. ಅದು ಗಾಡಿಯಲ್ಲೆಲ್ಲ ಅತಿ ಬೆಲೆಯುಳ್ಳ ಭಾಗವಾದ್ದರಿಂದ ಕಂಪನಿಯು ಅದರ ಕೀಲಿಯನ್ನು ಏಜೆಂಟನ ಕೈಗೆ ಬಿಡುವುದಿಲ್ಲ. ಷೋರೂಮಿನಲ್ಲಿ ನಗುನಗುತ್ತ ಮಾರಿದವನು, ಗಾಡಿ ಕೆಟ್ಟ ದಿನ ಬರಿಯ ಅಂಚೆಯವನಾಗಿಬಿಡುತ್ತಾನೆ: ನಮ್ಮ ದೂರನ್ನು ಮೇಲಕ್ಕೆ ಒಯ್ಯುವುದು, ಮೇಲಿನ ಮೌನವನ್ನು ನಮಗೆ ತರುವುದು. ನಮ್ಮ ಏಜೆಂಟರ ಮ್ಯಾನೇಜರು ಸಭ್ಯರು. “ನಮ್ಮ ಕೈಯಲ್ಲಿ ಏನೂ ಇಲ್ಲ ಸಾರ್” ಎಂದು ಅವರು ಹೇಳಿದುದರಲ್ಲಿ ಸುಳ್ಳಿರಲಿಲ್ಲ.

ಬೇರೆ ವರ್ಕ್‌ಷಾಪಿಗೆ ಒಯ್ಯೋಣವೆಂದರೆ, ದೋಷವನ್ನು ಓದತಕ್ಕ ಕಂಪ್ಯೂಟರಿನ ವಿದ್ಯೆಯೂ ಬಿಡಿಭಾಗಗಳೂ ಕಂಪನಿಯ ವಶದಲ್ಲಿವೆ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ 2012ರಲ್ಲಿ ಮತದಾರರೇ ಈ ಮಾಹಿತಿಯನ್ನು ಹೊರಗಿನ ರಿಪೇರಿಗಾರರಿಗೂ ಒದಗಿಸಬೇಕೆಂಬ ಕಾನೂನನ್ನು ಅಂಗೀಕರಿಸಿದರು. ನಮ್ಮ ದೇಶದಲ್ಲಿ 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ರಿಪೇರಿಯ ಹಕ್ಕಿನ ವಿಚಾರವಾಗಿ ಒಂದು ಸಮಿತಿಯನ್ನು ನೇಮಿಸಿ, ವರ್ಷಾಂತ್ಯದಲ್ಲಿ ಒಂದು ಜಾಲತಾಣವನ್ನು ತೆರೆಯಿತು. ಮೋಟಾರು ಗಾಡಿಗಳೂ ಅದರಲ್ಲಿ ಸೇರಿವೆ. ಮಾಹಿತಿ ಒಂದೆಡೆ ದೊರೆಯುವುದು ಒಳ್ಳೆಯದೇ. ಆದರೆ ಜಾಲತಾಣವು ಕಾನೂನಲ್ಲ.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ವಾರಂಟಿಯ ಪತ್ರ. ಬ್ಯಾಟರಿಗೆ ಎಂಟು ವರ್ಷದ ಹೊಣೆಯೆಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದಾರೆ. ಪುಟಪುಟವನ್ನೂ ಓದಿದೆನು. ಕೆಟ್ಟುದನ್ನು ಸರಿಮಾಡಿಕೊಡುವೆವೆಂಬ ಮಾತಿದೆಯೇ ಹೊರತು ಎಷ್ಟು ದಿನಗಳೊಳಗೆಂಬ ಮಾತಿಲ್ಲ. ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ, ಹೊಸ ಗಾಡಿಯು ಮೊದಲ ಹದಿನೆಂಟು ತಿಂಗಳುಗಳಲ್ಲಿ ಅಥವಾ 18,000 ಮೈಲಿಗಳೊಳಗೆ ಒಟ್ಟು 30 ದಿನಗಳಿಗಿಂತ ಹೆಚ್ಚು ಕಾಲ ರಿಪೇರಿಯಲ್ಲಿಯೇ ಬಿದ್ದಿದ್ದರೆ, ಸರಿಪಡಿಸಲು ಸಾಕಷ್ಟು ಅವಕಾಶ ಕೊಟ್ಟಾಯಿತೆಂದು ಕಾನೂನು ಭಾವಿಸುತ್ತದೆ. ಮುಂದೆ ಬದಲು ಗಾಡಿಯನ್ನೋ ಹಣವನ್ನೋ ಕೇಳಬಹುದು. ನಮ್ಮಲ್ಲಿ ಗಾಡಿಗಳಿಗೆಂದೇ ಅಂಥ ಗೆರೆಯನ್ನು ಎಳೆದಿಲ್ಲ. ಇರುವುದು 2019ನೆಯ ಇಸವಿಯ ಗ್ರಾಹಕ ಸಂರಕ್ಷಣಾ ಅಧಿನಿಯಮ. ಸೇವೆಯಲ್ಲಿ ಕೊರತೆಯೆಂದು ಜಿಲ್ಲಾ ಆಯೋಗದಲ್ಲಿ ದೂರು ಕೊಡಬಹುದು, ವಕೀಲರಿಲ್ಲದೆಯೂ ವಾದಿಸಬಹುದು, ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೆ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿ ದೂರನ್ನು ದಾಖಲಿಸಬಹುದು. ನಮ್ಮ ವಿಷಯದಲ್ಲಿ, ಸಂಶಯ ಬ್ಯಾಟರಿಯ ಮೇಲಿಲ್ಲವೆಂದು ತಿಳಿದ ಮೇಲೂ ಭಾಗದ ಸುಳಿವಿಲ್ಲದಿದ್ದಾಗ ಹಾಗೆ ಮಾಡಿದೆವು. ಒಂದು ವಾರದಲ್ಲಿ ಕಂಪ್ರೆಸರು ಬಂದಿತು. ಅದರಿಂದಲೇ ಬಂದಿತೋ, ಬರುವ ಕಾಲಕ್ಕೆ ಬಂದಿತೋ, ಹೇಳಲಾರೆನು.

ದೂರಿಗೆ ಆಧಾರ ಕಾಗದ. ಗಾಡಿಯನ್ನು ಒಪ್ಪಿಸುವಾಗ ಜಾಬ್ ಕಾರ್ಡಿನಲ್ಲಿ ತಾರೀಖು, ಓಡಿದ ಕಿಲೋಮೀಟರು, ಬ್ಯಾಟರಿಯಲ್ಲಿದ್ದ ಚಾರ್ಜು, ದೋಷದ ವಿವರ ಇಷ್ಟನ್ನೂ ಬರೆಸಿ ಒಂದು ಪ್ರತಿಯನ್ನು ಪಡೆಯಬೇಕು. ಫೋನಿನ ಮಾತು ಗಾಳಿಗೆ ಹೋಗುವುದು. ಕೇಳಿದ್ದನ್ನು ಅಂದೇ ಪತ್ರದಲ್ಲಿ ಖಚಿತಪಡಿಸಿಕೊಳ್ಳುವುದು ಲೇಸು. ವಾರಗಟ್ಟಲೆ ನಿಲ್ಲುವ ಗಾಡಿಯ ಬ್ಯಾಟರಿಯನ್ನು ಪೂರ್ತಿ ತುಂಬಿಯೂ ಇಡಬಾರದು, ಬರಿದಾಗಲೂ ಬಿಡಬಾರದು. ಸುಮಾರು ಅರ್ಧವಿರಲೆಂದು ಹೇಳಬೇಕು. 12 ವೋಲ್ಟಿನ ಸಣ್ಣ ಬ್ಯಾಟರಿಯನ್ನು ಮರೆಯಬಾರದು. ನಮ್ಮದನ್ನು ಅವರು ಮರೆತರು. 38ನೆಯ ದಿನ ಎಲ್ಲ ಸರಿಯಾದ ಗಾಡಿಯ ಬಾಗಿಲೇ ತೆರೆಯದೆ ಮತ್ತೊಂದು ಗಂಟೆ ಕಾಯಬೇಕಾಯಿತು. ಇನ್ನು ಕೊಳ್ಳುವುದಕ್ಕೆ ಮೊದಲಾದರೆ, ಷೋರೂಮಿನ ಹಿಂದಿರುವ ವರ್ಕ್‌ಷಾಪಿಗೆ ಹೋಗಿ, ಅಧಿಕ ವೋಲ್ಟೇಜಿನ ಕೆಲಸ ಬಲ್ಲವರು ಎಷ್ಟು ಮಂದಿಯೆಂದೂ ರಿಪೇರಿಯ ಕಾಲದಲ್ಲಿ ಬದಲು ಗಾಡಿ ಕೊಡುವರೋ ಎಂದೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು.

ನಮ್ಮ ಬಿಲ್ಲಿನಲ್ಲಿ ಕೊಡಬೇಕಾದ ಹಣ ಸೊನ್ನೆಯೆಂದಿತ್ತು. ಆಸ್ಪತ್ರೆಗೆ ಹೋಗಿಬಂದ ಆಟೋಗಳ ಮತ್ತು ಬಾಡಿಗೆ ಕಾರುಗಳ ಲೆಕ್ಕ ನನ್ನ ಪತ್ನಿಯ ಪುಸ್ತಕದಲ್ಲಿತ್ತು. ಹದಿಮೂರು ಸಾವಿರಕ್ಕೆ ಮೇಲ್ಪಟ್ಟಿತ್ತು. ಆಟೋದ ಕುಲುಕಾಟದಲ್ಲಿ ತಂದೆಯವರು ಪಟ್ಟ ಆಯಾಸಕ್ಕೆ ಆಕೆ ಅಂಕಣ ಹಾಕಿರಲಿಲ್ಲ. ಆ ಲೆಕ್ಕವನ್ನೂ ಜಾಬ್ ಕಾರ್ಡಿನ ಪ್ರತಿಯನ್ನೂ ಲಗತ್ತಿಸಿ ಕಂಪನಿಗೆ ರಿಜಿಸ್ಟರ್ಡ್ ಪತ್ರ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಎರಡು ವರ್ಷದ ಗಡುವಿಗೆ ಕಾಲ ಬೇಕಾದಷ್ಟಿದೆ.