ಬೀಟ್ ಕವಿಗಳು ಬಿಟ್ಟುಹೋದದ್ದು

ಒಮ್ಮೆ ತರಗತಿಯಲ್ಲಿ ಒಂದು ನವ್ಯ ಕವನವನ್ನು ಓದುತ್ತಿದ್ದಾಗ, ನಾಲಗೆಗೆ ಸಂಕೋಚವೆನಿಸಿದ ಸಾಲೊಂದನ್ನು ನಾನು ಹಾರಿಸಿ ಮುಂದೆ ಸಾಗಿದೆ. “ಒಂದು ಸಾಲು ಬಿಟ್ಟಿರಿ, ಸಾರ್” ಎಂದಳು ಒಬ್ಬ ವಿದ್ಯಾರ್ಥಿನಿ. ಪಾಠ ಮುಗಿದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಕವಿ ಬರೆದುದನ್ನು ಬಿಡುವ ಅಧಿಕಾರವನ್ನು ನನಗೆ ಕೊಟ್ಟವರಾರು? ಅಮೆರಿಕದ ಬೀಟ್ ಪಂಥದ ಇತಿಹಾಸವನ್ನು ನಾನು ಮತ್ತೆ ಓದಿದ್ದು ಈ ಪ್ರಶ್ನೆಯ ಬೆನ್ನು ಹತ್ತಿ.

ಬೀಟ್ ಎಂದೊಡನೆ ಕೆದರಿದ ಗಡ್ಡ, ಮಾದಕ ವಸ್ತು, ಗೊತ್ತುಗುರಿಯಿಲ್ಲದ ಅಲೆದಾಟಗಳೇ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಈ ಚಿತ್ರ ಸುಳ್ಳಲ್ಲ, ಪೂರ್ಣವೂ ಅಲ್ಲ. ಎರಡನೆಯ ಮಹಾಯುದ್ಧ ಮುಗಿದು, ಅಣುಬಾಂಬಿನ ಭೀತಿಯೂ ಹೊಸ ಸಿರಿಯೂ ಒಟ್ಟೊಟ್ಟಿಗೆ ಬೆಳೆಯುತ್ತಿದ್ದ ಕಾಲ ಅದು. ನೌಕರಿ, ಮನೆ, ಮೋಟಾರು ಇಷ್ಟರಲ್ಲಿಯೇ ಬಾಳು ಸಾರ್ಥಕವೆಂದು ನಂಬಲಾರದೆ ನ್ಯೂಯಾರ್ಕಿನಲ್ಲಿ ಕಲೆತ ತರುಣರಲ್ಲಿ ಜಾಕ್ ಕೆರುವಾಕ್, ಆಲೆನ್ ಗಿನ್ಸ್‌ಬರ್ಗ್, ವಿಲಿಯಂ ಬರೋಸ್ ಪ್ರಮುಖರು. ‘ಬೀಟ್’ ಎಂದರೆ ಸೋತು ಬಳಲಿದವನು. ಕೆರುವಾಕ್ ಆ ಮಾತಿನಲ್ಲಿ ಧನ್ಯತೆಯ ಅರ್ಥವನ್ನೂ ಕಂಡನು.

1955ರ ಅಕ್ಟೋಬರ್ 7ರ ರಾತ್ರಿ, ಸ್ಯಾನ್ ಫ್ರಾನ್ಸಿಸ್ಕೋದ ‘ಸಿಕ್ಸ್ ಗ್ಯಾಲರಿ’ಯಲ್ಲಿ ಗಿನ್ಸ್‌ಬರ್ಗ್ ತನ್ನ ‘ಹೌಲ್’ ಕವನವನ್ನು ಮೊದಲ ಬಾರಿಗೆ ಸಭೆಯಲ್ಲಿ ಓದಿದನು. ಹೌಲ್ ಎಂದರೆ ಊಳು. ಸಭ್ಯಸಮಾಜ ಬಾಯಿಬಿಡಲಂಜುತ್ತಿದ್ದ ಹುಚ್ಚು, ಕಾಮ, ಹತಾಶೆಗಳೆಲ್ಲವೂ ಅದರಲ್ಲಿದ್ದುವು. ಅದೇ ಊರಿನ ‘ಸಿಟಿ ಲೈಟ್ಸ್’ ಪುಸ್ತಕದಂಗಡಿಯ ಒಡೆಯ, ಕವಿ ಲಾರೆನ್ಸ್ ಫರ್ಲಿಂಗೆಟಿ, 1956ರಲ್ಲಿ ಅದನ್ನು ಪ್ರಕಟಿಸಿದನು. ಬೆಲೆ 75 ಸೆಂಟು. 1957ರ ಮಾರ್ಚಿನಲ್ಲಿ ಸುಂಕದ ಅಧಿಕಾರಿಗಳು ಇಂಗ್ಲೆಂಡಿನಲ್ಲಿ ಅಚ್ಚಾಗಿ ಬಂದ 520 ಪ್ರತಿಗಳನ್ನು ಹಿಡಿದಿಟ್ಟರು. ಅದು ಮುಂದುವರಿಯಲಿಲ್ಲ, ಜೂನಿನಲ್ಲಿ ಪೋಲೀಸರು ಅಂಗಡಿಗೇ ಬಂದರು.

ಆಗ ಸೆರೆಯಾದವನು ಕವಿಯಲ್ಲ. ಕವಿ ದೇಶದಲ್ಲಿಯೇ ಇರಲಿಲ್ಲ. ಮಫ್ತಿಯಲ್ಲಿದ್ದ ಪೋಲೀಸರಿಗೆ ಪುಸ್ತಕವನ್ನು ಮಾರಿದ ಅಂಗಡಿಯ ಗುಮಾಸ್ತ ಶಿಗೆಯೋಶಿ ಮುರಾವೊ ಸೆರೆಯಾದನು. ಜಪಾನೀ ವಂಶದವನೆಂಬ ಒಂದೇ ಕಾರಣಕ್ಕೆ ಯುದ್ಧಕಾಲದಲ್ಲಿ ತಾನು ಹುಟ್ಟಿದ ದೇಶವೇ ಅವನನ್ನು ಕುಟುಂಬದೊಡನೆ ಬಂಧನ ಶಿಬಿರದಲ್ಲಿ ಇರಿಸಿತ್ತು. ಈಗ ಒಂದು ಕವನವನ್ನು ಮಾರಿದ್ದಕ್ಕಾಗಿ ಮತ್ತೆ ಬಂಧನ! ಸಾಹಿತ್ಯ ಚರಿತ್ರೆಗಳು ಇವನಿಗೆ ಒಂದು ಸಾಲಿಗಿಂತ ಹೆಚ್ಚು ಕೊಡುವುದು ಅಪೂರ್ವ.

ವಿಚಾರಣೆ ನಡೆಸಿದ ನ್ಯಾಯಾಧೀಶ ಕ್ಲೇಟನ್ ಹಾರ್ನ್ ಸಂಪ್ರದಾಯಸ್ಥ. ಭಾನುವಾರಗಳಂದು ಬೈಬಲ್ ಪಾಠ ಹೇಳುತ್ತಿದ್ದವನು. ಅವನಿಂದ ಯಾರೂ ಹೆಚ್ಚೇನನ್ನೂ ನಿರೀಕ್ಷಿಸುವಂತಿರಲಿಲ್ಲ. ಆದರೆ 1957ರ ಅಕ್ಟೋಬರ್ 3ರಂದು ಅವನು ಕೊಟ್ಟ ತೀರ್ಪು ಪುಸ್ತಕದ ಪರವಾಗಿತ್ತು. ಬಿಡಿ ಮಾತುಗಳನ್ನು ಹೆಕ್ಕಿ ತೆಗೆದು ಕೃತಿಯನ್ನು ಅಳೆಯಬಾರದು, ಇಡಿಯಾಗಿ ಓದಬೇಕು. ಸಮಾಜಕ್ಕೆ ಎಳ್ಳಷ್ಟಾದರೂ ಅರ್ಥವುಳ್ಳ ಕೃತಿ ಅಶ್ಲೀಲವಾಗದು ಎಂಬುದು ಅದರ ತಿರುಳು. 1966ರಲ್ಲಿ ಬರೋಸನ ‘ನೇಕೆಡ್ ಲಂಚ್’ ಕಾದಂಬರಿಯನ್ನೂ ಮ್ಯಾಸಚೂಸೆಟ್ಸ್ ರಾಜ್ಯದ ಅತ್ಯುಚ್ಚ ನ್ಯಾಯಾಲಯ ಅಂಥದೇ ಆರೋಪದಿಂದ ಬಿಡುಗಡೆ ಮಾಡಿತು.

ನಮ್ಮ ದೇಶವೂ ಈ ಪರೀಕ್ಷೆಗೆ ಒಳಗಾಯಿತು. 1961ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ಬಂಗಾಳಿ ‘ಹಂಗ್ರಿ’ ಪಂಥವನ್ನು ಬೀಟರ ನಕಲೆಂದು ತಳ್ಳಿಹಾಕುವುದು ಸರಿಯಲ್ಲ; ಗಿನ್ಸ್‌ಬರ್ಗ್ ಭಾರತಕ್ಕೆ ಬಂದದ್ದು ಅದರ ಮರುವರ್ಷ. ಆ ಪಂಥದ ಮಲಯ್ ರಾಯ್‌ಚೌಧುರಿ ಒಂದು ಕವನಕ್ಕಾಗಿ 1964ರಲ್ಲಿ ಸೆರೆಯಾಗಿ, ಮುಂದಿನ ವರ್ಷ ಶಿಕ್ಷೆಗೆ ಗುರಿಯಾಗಿ, 1967ರಲ್ಲಿ ಕಲ್ಕತ್ತೆಯ ಹೈಕೋರ್ಟಿನಿಂದ ನಿರ್ದೋಷಿಯೆನಿಸಿಕೊಂಡರು.

ಬೀಟರನ್ನು ಪೂಜಿಸಲು ನಾನು ಸಿದ್ಧನಿಲ್ಲ. 1951ರಲ್ಲಿ ಕುಡಿದ ಅಮಲಿನಲ್ಲಿ ಬರೋಸ್ ಹಾರಿಸಿದ ಗುಂಡಿಗೆ ಅವನ ಸಂಗಾತಿ ಜೋನ್ ವೋಲ್ಮರ್ ಬಲಿಯಾದಳು. ಕೆರುವಾಕ್ ಕುಡಿತದಿಂದ 47ನೆಯ ವಯಸ್ಸಿಗೇ ತೀರಿಕೊಂಡನು. ಆ ಕೂಟದ ಹೆಂಗಸರ ಪಾಡನ್ನು ಜಾಯ್ಸ್ ಜಾನ್ಸನ್ 1983ರ ತನ್ನ ನೆನಪಿನ ಪುಸ್ತಕಕ್ಕೆ ‘ಮೈನರ್ ಕ್ಯಾರೆಕ್ಟರ್ಸ್’, ಅಂದರೆ ಸಣ್ಣ ಪಾತ್ರಗಳು, ಎಂದು ಹೆಸರಿಟ್ಟೇ ಸೂಚಿಸಿದಳು. ಸ್ವಾತಂತ್ರ್ಯವನ್ನು ಹಾಡಿದವರು ಅದನ್ನು ಪಕ್ಕದವರೊಡನೆ ಹಂಚಿಕೊಳ್ಳಲಿಲ್ಲ.

ಅವರ ಬದುಕನ್ನು ಅನುಸರಿಸಬೇಕಾಗಿಲ್ಲ, ಅವರ ಕವನವನ್ನು ಮೆಚ್ಚಲೂ ಬೇಕಾಗಿಲ್ಲ. ಆದರೆ ಇಡಿಯಾಗಿ ಓದದೆ ತೀರ್ಪು ಕೊಡಕೂಡದೆಂಬ ನಿಯಮ ಅವರಿಂದಾಗಿ ಗಟ್ಟಿಯಾಯಿತು. ಅದನ್ನು ನ್ಯಾಯಾಲಯಗಳು ಪಾಲಿಸಿದರೆ ಸಾಲದು, ಮೇಷ್ಟರುಗಳೂ ಪಾಲಿಸಬೇಕು. ಮರುವಾರ ನಾನು ಆ ಕವನವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆನು. ಯಾರೂ ನಗಲಿಲ್ಲ. ಮುಜುಗರ ನನ್ನೊಬ್ಬನದಾಗಿತ್ತು.